ತಿಂಗಳ ಸಭೆ ನಡೆಸುವುದು ಹೇಗೆ: ಬೆಂಗಳೂರಿನ ಚಾರಣ ಬಳಗಗಳಿಗೆ ಒಂದು ಸಮಗ್ರ ಮಾರ್ಗದರ್ಶಿ

ಬೆಂಗಳೂರಿನಲ್ಲಿ ಬೆಟ್ಟ ಹತ್ತುವವರಿಗೆ ಬರವಿಲ್ಲ. ಶುಕ್ರವಾರ ರಾತ್ರಿ ಮೆಜೆಸ್ಟಿಕ್ ಕಡೆ ಹೋಗಿ ನೋಡಿ. ಬ್ಯಾಗು ಹೊತ್ತು ಟಿಟಿಗೆ (ಟೆಂಪೋ ಟ್ರಾವೆಲರ್) ಕಾಯುವ ಹುಡುಗ ಹುಡುಗಿಯರು ಗುಂಪು ಗುಂಪಾಗಿ ನಿಂತಿರುತ್ತಾರೆ. ಅವರಲ್ಲಿ ಹೆಚ್ಚಿನವರಿಗೆ ಒಬ್ಬರಿಗೊಬ್ಬರ ಪರಿಚಯವಿರುವುದಿಲ್ಲ. ಲೀಡರ್ ಯಾರು ಅಂತಲೂ ಗೊತ್ತಿರುವುದಿಲ್ಲ. ಮರುದಿನ ಬಂಡೆಯ ಮೇಲೆ ಕಾಲು ಉಳುಕಿದರೆ ಕೈ ಕೊಡಬೇಕಾದವರು ಮಾತ್ರ ಇವರೇ.

ಚಾರಣ ಬಳಗ ಅಂದಮೇಲೆ ತಿಂಗಳಿಗೊಮ್ಮೆ ಎಲ್ಲರಿಗೂ ಬಾಗಿಲು ತೆರೆದ ಒಂದು ಸಭೆ ಇರಲೇಬೇಕು ಅಂತ ನಾನು ಹಟ ಹಿಡಿಯುವುದು ಇದಕ್ಕೇ. ಸದಸ್ಯರಾಗಬೇಕಿಲ್ಲ, ದುಡ್ಡು ಕೊಡಬೇಕಿಲ್ಲ, ಬೆಟ್ಟ ಹತ್ತಿರಲೇಬೇಕು ಅಂತಲೂ ಇಲ್ಲ. ಒಂದು ಒಳ್ಳೆಯ ಮಾತು, ಒಂದು ಲೋಟ ಕಾಫಿ, ಮುಂದಿನ ಟ್ರೆಕ್‌ನ ವಿವರ. ಇಷ್ಟೇ.

ಸಭೆ ಚೆನ್ನಾಗಿ ಆಯಿತೋ ಇಲ್ಲವೋ ಅಂತ ತಿಳಿಯಲು ನನ್ನ ಹತ್ತಿರ ಒಂದೇ ಅಳತೆಗೋಲಿದೆ. ಯಾರ ಪರಿಚಯವೂ ಇಲ್ಲದೆ ಒಬ್ಬರೇ ಬಂದವರು ಮುಂದಿನ ತಿಂಗಳೂ ಬಂದರಾ? ಬಂದಿದ್ದರೆ ಸಭೆ ಗೆದ್ದಿತು. ಸಭಾಂಗಣ ತುಂಬಿತ್ತು, ಭಾಷಣಕಾರರು ದೊಡ್ಡವರು, ಫೋಟೋ ಚೆನ್ನಾಗಿ ಬಂತು, ಇದೆಲ್ಲ ಆಮೇಲಿನ ಮಾತು. ಕೆಳಗಿನ ಪ್ರತಿಯೊಂದು ಹೆಜ್ಜೆಯನ್ನೂ ಈ ಹೊಸಬರ ಕಣ್ಣಿನಿಂದಲೇ ನೋಡಿ.

1. ಮೊದಲು ದಿನ ಗೊತ್ತುಮಾಡಿ

ಶನಿವಾರ, ಭಾನುವಾರ ಬೇಡ. ನಿಮ್ಮ ಒಳ್ಳೆಯ ಲೀಡರ್‌ಗಳೆಲ್ಲ ಅವತ್ತು ಬೆಟ್ಟದ ಮೇಲಿರುತ್ತಾರೆ. ಎರಡನೇ ಶನಿವಾರ ಸರ್ಕಾರಿ ನೌಕರರಿಗೆ, ಬ್ಯಾಂಕಿನವರಿಗೆ ರಜೆ ಅಂತ ಆ ದಿನ ಸಭೆ ಇಡುವ ಆಸೆ ಆಗುತ್ತದೆ. ಆದರೆ ಅವರೂ ಬೆಟ್ಟಕ್ಕೆ ಹೋಗುವುದು ಅವತ್ತೇ ಅಲ್ವಾ? ಶುಕ್ರವಾರ ಸಂಜೆ ಹೊರಡುವ ಗಡಿಬಿಡಿ. ಸೋಮವಾರ ಎಲ್ಲರಿಗೂ ಆಫೀಸಿನ ಭಾರ.

ಉಳಿಯುವುದು ಮಂಗಳವಾರ, ಬುಧವಾರ, ಗುರುವಾರ. ನನ್ನ ಮತ ಬುಧವಾರಕ್ಕೆ. ವಾರಾಂತ್ಯದ ಟ್ರೆಕ್‌ಗೆ ಹೆಸರು ಕೊಡಲು ಇನ್ನೂ ಸಮಯ ಇರುತ್ತದೆ, ಹೋದ ವಾರದ ಆಯಾಸವೂ ಕಳೆದಿರುತ್ತದೆ. "ಪ್ರತಿ ತಿಂಗಳ ಮೊದಲ ಬುಧವಾರ" ಅಂತ ಹೇಳಿದರೆ ಯಾರಿಗೂ ಮರೆಯುವುದಿಲ್ಲ. ತಾರೀಖು ಇಟ್ಟರೆ ಎಲ್ಲರೂ ಮರೆಯುತ್ತಾರೆ.

ಗೊತ್ತುಮಾಡಿದ ದಿನವನ್ನು ಕದಲಿಸಬೇಡಿ. ಒಂದು ತಿಂಗಳು ಭಾಷಣಕಾರರು ಸಿಗಲಿಲ್ಲ ಅಂತ ಮುಂದೂಡಿದರೆ, ಮುಂದಿನ ತಿಂಗಳು ಜನ "ಇದೆಯೋ ಇಲ್ಲವೋ" ಅಂದುಕೊಂಡು ಮನೆಯಲ್ಲೇ ಉಳಿಯುತ್ತಾರೆ. ಭಾಷಣ ಇಲ್ಲದಿದ್ದರೂ ಸಭೆ ನಡೆಯಲಿ. ಹಬ್ಬ ಅಡ್ಡ ಬಂದರೆ ಏನು ಮಾಡುವುದು ಅಂತ ಮೊದಲೇ ಒಂದು ನಿಯಮ ಇಟ್ಟುಕೊಳ್ಳಿ: ಮೊದಲ ಬುಧವಾರ ಹಬ್ಬವಾದರೆ ಸಭೆ ಎರಡನೇ ಬುಧವಾರ, ಅಷ್ಟೇ. ಬಸವನಗುಡಿಯಲ್ಲಿ ಸಭೆ ಇಡುವವರು ಕಾರ್ತಿಕದ ಕೊನೆಯ ಸೋಮವಾರದ ಕಡಲೆಕಾಯಿ ಪರಿಷೆಯನ್ನೂ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಬೇಕು. ಆ ವಾರ ಬುಲ್ ಟೆಂಪಲ್ ರಸ್ತೆಯಲ್ಲಿ ಗಾಡಿ ಓಡಿಸುವ ಮಾತೇ ಇಲ್ಲ.

ಹೊತ್ತು: ಆರೂಕಾಲಿಗೆ ಬಾಗಿಲು ತೆರೆಯಿರಿ, ಆರೂಮುಕ್ಕಾಲಿಗೆ ಶುರು ಮಾಡಿ, ಎಂಟೂವರೆಗೆ ಮುಗಿಸಿ. ಸಿಲ್ಕ್ ಬೋರ್ಡ್ ದಾಟಿ ಬರುವವರಿಗೆ ಆರೂವರೆ ಕಷ್ಟ. ಒಬ್ಬರೇ ಬರುವ ಹೆಣ್ಣುಮಕ್ಕಳಿಗೆ ಒಂಬತ್ತರ ಮೇಲೆ ಹೊರಡುವುದು ಕಷ್ಟ. ಇವೆರಡರ ನಡುವೆ ಸಿಗುವುದು ಇಷ್ಟೇ ಜಾಗ.

2. ಜಾಗ: ಚಿಕ್ಕದಿರಲಿ, ಮೆಟ್ರೋ ಹತ್ತಿರ ಇರಲಿ

ಸಾರ್ವಜನಿಕ ಉಪನ್ಯಾಸ ಕೇಳುವ ಅಭ್ಯಾಸ ಈ ಊರಿಗೆ ಹಳೆಯದು. ಬಸವನಗುಡಿಯ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ವರ್ಲ್ಡ್ ಕಲ್ಚರ್ ಶುರುವಾದದ್ದು 1945ರಲ್ಲಿ. ಡಿ.ವಿ.ಜಿ.ಯವರು ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ ಕಟ್ಟಿದ್ದೂ ಅದೇ ವರ್ಷ. ಕೆಲಸ ಮುಗಿಸಿ, ಛತ್ರಿ ಹಿಡಿದು, ಪರಿಚಯವಿಲ್ಲದವರ ಪಕ್ಕ ಕೂತು ಒಂದು ಗಂಟೆ ಮಾತು ಕೇಳಿ ಹೋಗುವ ಜನ ಇಲ್ಲಿ ಇವತ್ತಿಗೂ ಇದ್ದಾರೆ. ನಿಮ್ಮ ಸಭೆಯನ್ನು ಅಂಥ ಬಡಾವಣೆಯಲ್ಲಿ ಇಟ್ಟರೆ ಟ್ರೆಕ್ ಮಾಡದವರೂ ಬರುತ್ತಾರೆ. ಒಬ್ಬ ನಿವೃತ್ತ ಭೂಗೋಳ ಮೇಷ್ಟ್ರು, ಪಕ್ಷಿ ನೋಡುವ ಒಬ್ಬ ಅಜ್ಜಿ ಮುಂದಿನ ಸಾಲಿನಲ್ಲಿ ಕೂತರೆ ಪ್ರಶ್ನೆಗಳ ಮಟ್ಟವೇ ಬೇರೆಯಾಗುತ್ತದೆ.

ನ್ಯಾಷನಲ್ ಕಾಲೇಜು, ಸೌತ್ ಎಂಡ್ ಸರ್ಕಲ್, ಜಯನಗರದಂಥ ಮೆಟ್ರೋ ನಿಲ್ದಾಣಗಳಿಂದ ನಡೆದು ಬರುವ ದೂರದಲ್ಲಿ ಹುಡುಕಿ. ಸಂಘ ಸಂಸ್ಥೆಗಳ ಚಿಕ್ಕ ಸಭಾಂಗಣ, ಶಾಲೆಯ ಹಾಲ್, ಗ್ರಂಥಾಲಯದ ಮೇಲಿನ ಮಹಡಿ, ಯಾವುದೂ ಆದೀತು. ಅಪಾರ್ಟ್‌ಮೆಂಟಿನ ಪಾರ್ಟಿ ಹಾಲ್ ಅಗ್ಗಕ್ಕೆ ಸಿಗುತ್ತದೆ, ನಿಜ. ಆದರೆ ಗೇಟಿನಲ್ಲಿ ಸೆಕ್ಯುರಿಟಿಯವರು "ಯಾವ ಫ್ಲಾಟು, ಯಾರ ಮನೆಗೆ" ಅಂತ ಕೇಳಿದಾಗ ಹೊಸಬರು ಅಲ್ಲಿಂದಲೇ ವಾಪಸ್ ಹೋಗಿಬಿಡುತ್ತಾರೆ. ಎಲ್ಲರಿಗೂ ತೆರೆದ ಸಭೆಗೆ ಅದು ಸರಿಹೋಗುವುದಿಲ್ಲ.

ಐವತ್ತು ಕುರ್ಚಿಯ ಜಾಗ ಸಾಕು. ಐವತ್ತರಲ್ಲಿ ನಲವತ್ತು ತುಂಬಿದರೆ ಸಭೆಗೆ ಕಳೆ. ಅದೇ ನಲವತ್ತು ಜನ ಮುನ್ನೂರರ ಹಾಲ್‌ನಲ್ಲಿ ಕೂತರೆ ಮಾತಾಡುವವರಿಗೂ ಕೇಳುವವರಿಗೂ ಬೇಜಾರು.

ಮುಂಗಡ ಕೊಡುವ ಮೊದಲು ಒಂದು ಬುಧವಾರ ಸಂಜೆ, ಸಭೆಯ ಹೊತ್ತಿಗೇ ಹೋಗಿ ಕೂತು ನೋಡಿ. ಬೆಳಗ್ಗೆ ನೋಡಿದರೆ ಏನೂ ತಿಳಿಯುವುದಿಲ್ಲ. ಪಕ್ಕದ ದೇವಸ್ಥಾನದ ಮೈಕು, ಮೇಲಿನ ಮಹಡಿಯ ಡ್ಯಾನ್ಸ್ ಕ್ಲಾಸು ಗೊತ್ತಾಗುವುದು ಸಂಜೆಯೇ. ದೀಪ ಆರಿಸಿದರೆ ಪರದೆ ಸರಿಯಾಗಿ ಕಾಣುತ್ತದಾ? ಕರೆಂಟು ಹೋದರೆ ಜನರೇಟರ್ ಇದೆಯಾ? ಶೌಚಾಲಯದ ಬೀಗದ ಕೈ ಯಾರ ಹತ್ತಿರ ಇರುತ್ತದೆ? ಮೆಟ್ಟಿಲು ಹತ್ತಲಾಗದವರು ಬಂದರೆ ಏನು ದಾರಿ? ಕಾಫಿ ಒಳಗೆ ತರಬಹುದಾ? ಎಲ್ಲ ಕೇಳಿಕೊಂಡು, ವರ್ಷದ ಹನ್ನೆರಡೂ ದಿನಗಳಿಗೆ ಒಂದೇ ಸಲ ಬರಹದಲ್ಲಿ ಬುಕ್ ಮಾಡಿ.

3. ವರ್ಷದ ಪಟ್ಟಿ: ಋತು ನೋಡಿ ವಿಷಯ ಇಡಿ

ತಿಂಗಳು ತಿಂಗಳು "ಈ ಸಲ ಯಾರನ್ನು ಕರೆಯೋಣ" ಅಂತ ಹುಡುಕಾಡುವ ಬಳಗದ ಸಭೆ ವರ್ಷ ತುಂಬುವಷ್ಟರಲ್ಲಿ ನಿಂತುಹೋಗುತ್ತದೆ. ಯುಗಾದಿಯ ಹೊತ್ತಿಗೆ ಇಡೀ ವರ್ಷದ ಪಟ್ಟಿ ಕೈಯಲ್ಲಿರಲಿ. ಪಟ್ಟಿ ಮಾಡುವಾಗ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಈ ಮಾತು ಕೇಳಿದವರಿಗೆ ಮುಂದಿನ ನಾಲ್ಕು ವಾರದಲ್ಲಿ ಅದು ಎಲ್ಲಿ ಉಪಯೋಗಕ್ಕೆ ಬರುತ್ತದೆ?

ಜೂನ್‌ನಲ್ಲಿ ಮಳೆ. ಸಾವನದುರ್ಗದಂಥ ಬೋಳು ಬಂಡೆ ಒದ್ದೆಯಾದರೆ ಎಷ್ಟು ಜಾರುತ್ತದೆ, ಮಲೆನಾಡಿನಲ್ಲಿ ಹಳ್ಳ ದಾಟುವುದು ಯಾವಾಗ ಬೇಡ, ಇಂಬಳ (ಜಿಗಣೆ) ಕಚ್ಚಿದರೆ ಏನು ಮಾಡಬೇಕು, ಇದೆಲ್ಲ ಮಳೆ ಹಿಡಿಯುವ ಮೊದಲೇ ಆಗಬೇಕು. ಹಳ್ಳದ ಬಗ್ಗೆ ಸ್ವಲ್ಪ ಜಾಸ್ತಿ ಹೊತ್ತು ಕೊಡಿ. ಇಂಬಳಕ್ಕೆ ಎಲ್ಲರೂ ಹೆದರುತ್ತಾರೆ, ಆದರೆ ಜೀವ ತೆಗೆಯುವುದು ನೀರು.

ಮಳೆಗಾಲದ ನಡುವಿನ ತಿಂಗಳುಗಳಲ್ಲಿ ಕಥೆಗೆ, ಚರಿತ್ರೆಗೆ ಜಾಗ ಕೊಡಿ. ನಮ್ಮ ಸುತ್ತಲಿನ ಬೆಟ್ಟಗಳೆಲ್ಲ ಕೋಟೆಗಳು. ಸಾವನದುರ್ಗ, ನಂದಿದುರ್ಗ, ಮಾಕಳಿದುರ್ಗ, ಹುತ್ರಿದುರ್ಗ, ಕಬ್ಬಾಳದುರ್ಗ. 1791ರ ಅಕ್ಟೋಬರ್‌ನಲ್ಲಿ ನಂದಿಯನ್ನೂ ಡಿಸೆಂಬರ್‌ನಲ್ಲಿ ಸಾವನದುರ್ಗವನ್ನೂ ಬ್ರಿಟಿಷ್ ಗವರ್ನರ್ ಜನರಲ್ ಕಾರ್ನ್‌ವಾಲಿಸನ ಸೈನ್ಯ ಟಿಪ್ಪುವಿನ ಕೈಯಿಂದ ಹಿಡಿಯಿತು. ಅದು ತಿಳಿದು ಹತ್ತಿದವರಿಗೆ ಮುರಿದ ಗೋಡೆಯ ಪ್ರತಿ ಕಲ್ಲೂ ಬೇರೆಯೇ ಕಾಣುತ್ತದೆ. ಬಂಡೆಯ ಕಥೆ ಇನ್ನೂ ಹಳೆಯದು. ರಾಮನಗರ, ಸಾವನದುರ್ಗದ ಕಲ್ಲಿಗೆ ಭೂವಿಜ್ಞಾನಿಗಳು ಕ್ಲೋಸ್‌ಪೇಟೆ ಗ್ರಾನೈಟ್ ಅನ್ನುತ್ತಾರೆ. ಕ್ಲೋಸ್‌ಪೇಟೆ ಅಂದರೆ ರಾಮನಗರದ್ದೇ ಹಳೆಯ ಹೆಸರು. ಆ ಕಲ್ಲಿಗೆ ಸುಮಾರು 250 ಕೋಟಿ ವರ್ಷ ವಯಸ್ಸು. ಲಾಲ್‌ಬಾಗಿನಲ್ಲಿ ಕೆಂಪೇಗೌಡ ಗೋಪುರ ನಿಂತಿರುವ ಬಂಡೆ ಅದಕ್ಕಿಂತ ಹಿರಿದು, ಸುಮಾರು 300 ಕೋಟಿ ವರ್ಷ. ಈ ವಿಷಯ ಇಟ್ಟ ತಿಂಗಳು, ಮುಂದಿನ ಭಾನುವಾರ ಬೆಳಗ್ಗೆ ಲಾಲ್‌ಬಾಗಿಗೇ ಎಲ್ಲರನ್ನೂ ಕರೆದುಕೊಂಡು ಹೋಗಿ. ಹೊಸಬರಿಗೆ ಅದಕ್ಕಿಂತ ಸುಲಭದ ಮೊದಲ ಚಾರಣ ಇಲ್ಲ.

ಅಕ್ಟೋಬರ್, ನವೆಂಬರ್ ಚಾರಣದ ಸುಗ್ಗಿ. ಆಗ ನಕಾಶೆ ಓದುವುದು, ದಿಕ್ಸೂಚಿ, ಮೊಬೈಲ್ ಜಿಪಿಎಸ್ ಇಂಥವು ಇರಲಿ.

ಡಿಸೆಂಬರ್‌ನಿಂದ ಮೇ ತನಕ ಮಲೆನಾಡಿನಲ್ಲಿ ಮಂಗನ ಕಾಯಿಲೆಯ ಕಾಲ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ರೋಗ ಇದು, ಉಣುಗಿನಿಂದ ಹರಡುತ್ತದೆ. ಬೆಂಗಳೂರಿನಿಂದ ಶಿವಮೊಗ್ಗ, ಚಿಕ್ಕಮಗಳೂರಿನ ಕಾಡಿಗೆ ಹೋಗುವ ಎಷ್ಟೋ ಹುಡುಗರಿಗೆ ಇದರ ಹೆಸರೇ ಗೊತ್ತಿಲ್ಲ. ಉದ್ದ ತೋಳಿನ ಬಟ್ಟೆ, ಸಾಕ್ಸಿನೊಳಗೆ ತುರುಕಿದ ಪ್ಯಾಂಟು, ಮಂಗ ಸತ್ತ ಸುದ್ದಿ ಇರುವ ಕಡೆ ಹೋಗದಿರುವುದು, ವಾಪಸ್ ಬಂದಮೇಲೆ ಜ್ವರ ಬಂದರೆ "ಕಾಡಿಗೆ ಹೋಗಿದ್ದೆ" ಅಂತ ಡಾಕ್ಟರಿಗೆ ಹೇಳುವುದು. ಇಷ್ಟನ್ನು ನವೆಂಬರ್ ಸಭೆಯಲ್ಲೇ ಹೇಳಿ ಮುಗಿಸಿ.

ಫೆಬ್ರುವರಿಯಿಂದ ಬೆಂಕಿಯ ಕಾಲ. ಪಶ್ಚಿಮ ಘಟ್ಟದ ಹುಲ್ಲುಗಾವಲಿನ ಹಾದಿಗಳನ್ನು ಅರಣ್ಯ ಇಲಾಖೆಯವರು ಸಾಮಾನ್ಯವಾಗಿ ಮುಚ್ಚುತ್ತಾರೆ. ಬಯಲುಸೀಮೆಯ ಬಂಡೆಗಳ ಮೇಲೆ ಬಿಸಿಲು, ಬಂಡೆಯ ಸಂದಿನಲ್ಲಿ ಹೆಜ್ಜೇನು. ಈ ತಿಂಗಳುಗಳಲ್ಲಿ ಪ್ರಥಮ ಚಿಕಿತ್ಸೆ ಕಲಿಸಿ. ಹಾವು ಕಚ್ಚಿದರೆ ಕೊಯ್ಯಬಾರದು, ಬಿಗಿಯಾಗಿ ಕಟ್ಟಬಾರದು, ನಡೆಸಬಾರದು, ಅಂಗ ಅಲುಗದಂತೆ ಇಟ್ಟು 108ಕ್ಕೆ ಫೋನ್ ಮಾಡಿ ಆಸ್ಪತ್ರೆಗೆ ಸೇರಿಸಬೇಕು. ಇದನ್ನು ಸುಮ್ನೆ ಹೇಳಿ ಬಿಡಬೇಡಿ, ಜೋಡಿ ಜೋಡಿಯಾಗಿ ಕೂರಿಸಿ ಪಟ್ಟಿ, ಕೋಲು ಕೊಟ್ಟು ಮಾಡಿಸಿ.

ಏಪ್ರಿಲ್‌ನ ಸಭೆ ಹಿಮಾಲಯಕ್ಕೆ. ಬೇಸಿಗೆ ರಜೆಯಲ್ಲಿ ಬೆಂಗಳೂರಿನಿಂದ ಉತ್ತರಕ್ಕೆ ಹೋಗುವವರು ಬಹಳ. ಬೆಂಗಳೂರು ಇರುವುದು 900 ಮೀಟರಿನ ಆಸುಪಾಸು. ರಾಜ್ಯದ ಅತಿ ಎತ್ತರದ ಮುಳ್ಳಯ್ಯನಗಿರಿಯೂ 2,000 ಮೀಟರ್ ಮುಟ್ಟುವುದಿಲ್ಲ. ಅಂದರೆ ಗಾಳಿ ತೆಳುವಾದ ಕಡೆ ಬರುವ ಎತ್ತರದ ಕಾಯಿಲೆ ಹೇಗಿರುತ್ತದೆ ಅಂತ ನಮ್ಮ ಬೆಟ್ಟಗಳಲ್ಲಿ ಕಲಿಯಲು ದಾರಿಯೇ ಇಲ್ಲ. 3,000 ಮೀಟರ್ ದಾಟಿದ ಮೇಲೆ ಮಲಗುವ ಎತ್ತರವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚಿಸಬಾರದು ಎಂಬ ನಿಯಮ ಬಾಯಿಪಾಠ ಆಗಿರಬೇಕು. 2024ರ ಜೂನ್‌ನಲ್ಲಿ ಉತ್ತರಾಖಂಡದ ಸಹಸ್ರತಾಲ್ ಹಾದಿಯಲ್ಲಿ ಹಿಮಗಾಳಿಗೆ ಸಿಕ್ಕಿ ಕರ್ನಾಟಕದ 9 ಚಾರಣಿಗರು ತೀರಿಕೊಂಡರು. ನಮ್ಮ ಊರಿನ ಚಾರಣಿಗರ ಮನಸ್ಸಿನಲ್ಲಿ ಆ ನೋವು ಇನ್ನೂ ಹಸಿಯಾಗಿದೆ. ಮೈ ಒದ್ದೆಯಾಗಿ ಗಾಳಿ ಹೊಡೆದರೆ ದೇಹದ ಬಿಸಿ ಎಷ್ಟು ಬೇಗ ಇಳಿಯುತ್ತದೆ, ಮಾತು ತೊದಲುವುದು, ಎಡವುವುದು ಯಾವುದರ ಗುರುತು, ಯಾವ ಹೊತ್ತಿಗೆ ಹಿಂದಿರುಗಬೇಕು ಅಂತ ಹೇಳಬಲ್ಲ ವೈದ್ಯರನ್ನೋ ಪರ್ವತಾರೋಹಣ ತರಬೇತಿ ಪಡೆದವರನ್ನೋ ಈ ತಿಂಗಳು ಕರೆಯಿರಿ.

4. ಮಾತಾಡುವವರನ್ನು ಹುಡುಕುವುದು

ಎವರೆಸ್ಟ್ ಹತ್ತಿದವರೇ ಬೇಕು ಅಂತ ಕಾಯಬೇಡಿ. ಅವರು ಬಂದರೆ ಸಂತೋಷ. ಆದರೆ ಕೇಳುವವರು ಚಪ್ಪಾಳೆ ತಟ್ಟಿ, ಸೆಲ್ಫಿ ತೆಗೆದುಕೊಂಡು ಹೋಗುತ್ತಾರೆ. ಹೊಸಬರಿಗೆ ಹೆಚ್ಚು ಉಪಯೋಗ ಆಗುವುದು ಮೂವತ್ತು ವರ್ಷ ಒಂದೇ ಕಾಡಿನಲ್ಲಿ ಗಸ್ತು ತಿರುಗಿದ ಫಾರೆಸ್ಟ್ ಗಾರ್ಡ್‌ನಿಂದ. ಮಾಗಡಿ ಕಡೆ ದಿನಾ ಬೆಟ್ಟದ ಬುಡದಲ್ಲಿ ಕುರಿ ಮೇಯಿಸುವವರಿಂದ, ಹಕ್ಕಿ ಎಣಿಸುವ ಹವ್ಯಾಸಿಗಳಿಂದ, ಮೂಳೆ ಡಾಕ್ಟರಿಂದ, ಹವಾಮಾನ ಇಲಾಖೆಯಲ್ಲಿ ಕೆಲಸ ಮಾಡಿ ನಿವೃತ್ತರಾದವರಿಂದ. ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿ, ಯೂತ್ ಹಾಸ್ಟೆಲ್ಸ್ ಅಸೋಸಿಯೇಷನ್‌ನಂಥ ಕಡೆ ಕೇಳಿದರೆ ತರಬೇತಿ ಕೊಡುವವರ ಪರಿಚಯ ಆಗುತ್ತದೆ.

ಗಾರ್ಡ್‌ಗಳಿಗೆ, ಹಳ್ಳಿಯವರಿಗೆ ವೇದಿಕೆ ಹತ್ತಿ ಭಾಷಣ ಮಾಡಿ ಅಂದರೆ ಮುಜುಗರ. ಹಾಗಾಗಿ ಎರಡು ಕುರ್ಚಿ ಹಾಕಿ, ಬಳಗದವರೊಬ್ಬರು ಪಕ್ಕದಲ್ಲಿ ಕೂತು ಪ್ರಶ್ನೆ ಕೇಳಲಿ. "ಅಣ್ಣಾ, ಆನೆ ಹತ್ತಿರ ಇದೆ ಅಂತ ನಿಮಗೆ ಹೇಗೆ ಗೊತ್ತಾಗುತ್ತೆ?" ಅಂತ ಕೇಳಿದರೆ ಸಾಕು, ಮುರಿದ ಬಿದಿರು, ಬಿಸಿ ಆರದ ಲದ್ದಿ, ಒಮ್ಮೆಲೇ ಸುಮ್ಮನಾದ ಹಕ್ಕಿಗಳು, ಹೀಗೆ ಮಾತು ತಾನಾಗಿ ಬರುತ್ತದೆ. ಹೋಗಿಬರುವ ಖರ್ಚು, ಒಂದು ಗೌರವಧನ ಕೊಡಲೇಬೇಕು. ದಿನದ ಕೂಲಿ ಬಿಟ್ಟು ಬಂದವರಿಗೆ ಶಾಲು, ಹಾರ ಹಾಕಿ ಕಳಿಸಿದರೆ ಸಾಲದು.

ಹತ್ತು ದಿನ ಮೊದಲು ಫೋನ್ ಮಾಡಿ ಮೂರು ವಿಷಯ ಹೇಳಿ. ಮಾತು 40 ನಿಮಿಷ, ಒಂದು ನಿಮಿಷವೂ ಜಾಸ್ತಿ ಇಲ್ಲ. ಕೇಳುವವರಲ್ಲಿ ಅರ್ಧ ಜನ ಬೆಟ್ಟ ಹತ್ತಿಲ್ಲ. ಕೊನೆಗೆ, ಈ ಬೆಟ್ಟಕ್ಕೆ ಹೋಗಬೇಕಾದರೆ ಏನು ಮಾಡಬೇಕು, ಏನು ಮಾಡಬಾರದು ಅಂತ ಐದು ನಿಮಿಷ ಇರಲಿ. ಫೋಟೋಗಳು ನಲವತ್ತು ಮೀರದಿರಲಿ.

ಭಾಷೆಯ ಪ್ರಶ್ನೆ ಬೆಂಗಳೂರಿನಲ್ಲಿ ಬಂದೇ ಬರುತ್ತದೆ. ನನ್ನ ಅಭಿಪ್ರಾಯ ನೇರ: ಸಭೆ ಕನ್ನಡದಲ್ಲಿ ನಡೆಯಲಿ. ಬೆಟ್ಟದ ಬುಡದಲ್ಲಿ ದಾರಿ ತೋರಿಸುವವರು, ಗಾರ್ಡ್, ಗೈಡ್, ಎಳನೀರು ಮಾರುವವರು ಎಲ್ಲರೂ ಕನ್ನಡದವರು. ಬೇರೆ ಭಾಷೆಯವರು ಬಂದಾಗ ಅವರ ಪಕ್ಕ ಒಬ್ಬರು ಕೂತು ಮೆಲ್ಲಗೆ ವಿವರಿಸಲಿ. ಜೊತೆಗೆ ಪ್ರತಿ ಸಭೆಯಲ್ಲೂ ಎರಡು ನಿಮಿಷ ಬೆಟ್ಟದ ಕನ್ನಡ ಕಲಿಸಿ. "ನೀರು ಎಲ್ಲಿ ಸಿಗುತ್ತೆ?" "ಈ ದಾರಿ ಎಲ್ಲಿಗೆ ಹೋಗುತ್ತೆ?" "ಆನೆ ಬಂದಿತ್ತಾ?" ಕಷ್ಟದ ಹೊತ್ತಿನಲ್ಲಿ ಈ ಮೂರು ಮಾತು ಆಡಲು ಬಂದರೆ ಅರ್ಧ ತೊಂದರೆ ತಪ್ಪುತ್ತದೆ.

5. ಸುದ್ದಿ ಮುಟ್ಟಿಸುವುದು

ಇದಕ್ಕೆ ಹೆಚ್ಚು ಹೇಳಬೇಕಿಲ್ಲ. ಒಂದೇ ಪುಟದ ಪೋಸ್ಟರ್: ವಿಷಯ, ದಿನ, ಹೊತ್ತು, ಜಾಗ, ಹತ್ತಿರದ ಮೆಟ್ರೋ, "ಪ್ರವೇಶ ಉಚಿತ, ಎಲ್ಲರಿಗೂ ಸ್ವಾಗತ". ಹತ್ತು ದಿನ ಮೊದಲು ಒಂದು ಸಲ, ಹಿಂದಿನ ದಿನ ಒಂದು ಸಲ ಕಳಿಸಿ. ಪತ್ರಿಕೆಗಳ "ನಗರದಲ್ಲಿ ಇಂದು" ಅಂಕಣಕ್ಕೆ ನಾಲ್ಕು ದಿನ ಮೊದಲೇ ಮುಟ್ಟಿಸಿ. ಮೊಬೈಲ್ ನೋಡದ ಹಿರಿಯರು ಬರುವುದು ಅದನ್ನು ಓದಿಯೇ. ಗ್ರಂಥಾಲಯ, ಕಾಲೇಜಿನ ಎನ್‌ಎಸ್‌ಎಸ್ ಕೊಠಡಿ, ಹತ್ತಿರದ ದರ್ಶಿನಿಯ ಗೋಡೆ, ಕೇಳಿದರೆ ಯಾರೂ ಬೇಡ ಅನ್ನುವುದಿಲ್ಲ.

6. ಸಂಜೆಯ ನಡೆ

ಐದೂಮುಕ್ಕಾಲಿಗೆ ಇಬ್ಬರು ಹೋಗಬೇಕು. ಪ್ರೊಜೆಕ್ಟರಿಗೆ ಭಾಷಣಕಾರರ ಲ್ಯಾಪ್‌ಟಾಪನ್ನೇ ಜೋಡಿಸಿ ನೋಡಿ. ಎಚ್‌ಡಿಎಂಐ ವಯರು, ಟೈಪ್-ಸಿ ಅಡಾಪ್ಟರ್, ಎಕ್ಸ್‌ಟೆನ್ಷನ್ ಬಾಕ್ಸು, ಮೈಕಿನ ಬ್ಯಾಟರಿ, ಇವು ಬಳಗದ್ದೇ ಒಂದು ಚೀಲದಲ್ಲಿ ಸದಾ ಇರಲಿ. ಫೋಟೋಗಳ ಇನ್ನೊಂದು ಪ್ರತಿ ಪೆನ್‌ಡ್ರೈವ್‌ನಲ್ಲಿ ಇರಲಿ.

ಬಾಗಿಲಲ್ಲಿ ಒಬ್ಬರು ನಿಲ್ಲಬೇಕು. ಇಡೀ ಸಂಜೆಯಲ್ಲಿ ಇದಕ್ಕಿಂತ ಮುಖ್ಯವಾದ ಕೆಲಸ ಇನ್ನೊಂದಿಲ್ಲ. ಹೊಸಬರು ಬರುವುದು ಹೇಗೆ ಅಂತ ನೀವೇ ಗಮನಿಸಿ. ಮೆಟ್ಟಿಲ ಹತ್ತಿರ ನಿಂತು ಫೋನ್ ತೆಗೆದು ವಿಳಾಸ ಇನ್ನೊಮ್ಮೆ ನೋಡುತ್ತಾರೆ. ಒಳಗೆ ಇಣುಕುತ್ತಾರೆ. ಒಳಗಿನವರು ಗುಂಪಾಗಿ ನಿಂತು ನಗುತ್ತಿದ್ದರೆ, ಕೊನೆಯ ಸಾಲಿನ ತುದಿಯ ಕುರ್ಚಿಗೆ ಹೋಗಿ ಕೂತು ಮತ್ತೆ ಫೋನ್ ನೋಡುತ್ತಾರೆ. ಅಲ್ಲಿಗೆ ಬಿಟ್ಟರೆ ಅವರು ಮುಂದಿನ ತಿಂಗಳು ಬರುವುದಿಲ್ಲ. ಬಾಗಿಲಲ್ಲಿ ನಿಂತವರು "ಬನ್ನಿ, ಇವತ್ತೇ ಮೊದಲಾ?" ಅಂತ ಕೇಳಿ, ಹೆಸರು ಬರೆದ ಚೀಟಿ ಕೊಟ್ಟು, ಕಾಫಿ ಇರುವ ಕಡೆ ಕರೆದುಕೊಂಡು ಹೋಗಿ, ಇನ್ನೊಬ್ಬ ಸದಸ್ಯರಿಗೆ ಪರಿಚಯ ಮಾಡಿಸಿಯೇ ಬಾಗಿಲಿಗೆ ವಾಪಸ್ ಬರಬೇಕು. ಆ ಇನ್ನೊಬ್ಬರು ಅದೇ ಬಡಾವಣೆಯವರಾದರೆ ಇನ್ನೂ ಒಳ್ಳೆಯದು. ಮುಂದಿನ ಟ್ರೆಕ್‌ಗೆ ಜೊತೆಯಲ್ಲೇ ಬರಬಹುದು ಅಂತ ಮಾತು ಅಲ್ಲೇ ಶುರುವಾಗುತ್ತದೆ.

ಕಾಫಿ ಸಭೆಗೆ ಮೊದಲು ಕೊಡಿ, ಕೊನೆಗೆ ಬೇಡ. ಮುಗಿದ ಮೇಲೆ ಎಲ್ಲರಿಗೂ ಮನೆಯ ಅವಸರ. ಸ್ಟೀಲ್ ಲೋಟ ಇಡಿ, ಅಥವಾ ಅವರವರ ಲೋಟ ತರಲು ಹೇಳಿ. ಬೆಟ್ಟದಲ್ಲಿ ಪ್ಲಾಸ್ಟಿಕ್ ಹೆಕ್ಕುವ ಬಳಗ ಇಲ್ಲಿ ಪೇಪರ್ ಕಪ್ಪು ಎಸೆಯಬಾರದು. ನಿಪ್ಪಟ್ಟು, ಕೋಡುಬಳೆ, ಹುರಿದ ಕಡಲೆಕಾಯಿ ಇದ್ದರೆ ತಟ್ಟೆಯೂ ಬೇಕಾಗುವುದಿಲ್ಲ.

ಕಾಫಿಯ ಪಕ್ಕದ ಮೇಜಿನ ಮೇಲೆ ಒಂದು ನಕಾಶೆ ಹರಡಿ. ಸರ್ವೆ ಆಫ್ ಇಂಡಿಯಾದ 1:50,000 ಹಾಳೆ, ಮುಂದಿನ ಟ್ರೆಕ್‌ನ ಬೆಟ್ಟದ್ದು. ಅದರಲ್ಲಿ ಎರಡು ಸೆಂಟಿಮೀಟರ್ ಅಂದರೆ ಒಂದು ಕಿಲೋಮೀಟರ್, ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಒಂದು ಕಂದು ಗೆರೆಯಿಂದ ಇನ್ನೊಂದಕ್ಕೆ 20 ಮೀಟರ್ ಏರು. ಬಂದವರ ಕೈಗೆ ಪೆನ್ಸಿಲ್ ಕೊಟ್ಟು ಬುಡದಿಂದ ತುದಿಗೆ ಗೆರೆ ಎಣಿಸಲು ಹೇಳಿ. ಸಾವನದುರ್ಗದ ಹಾಳೆಯಾದರೆ ಕರಿಗುಡ್ಡ, ಬಿಳಿಗುಡ್ಡ ಎರಡನ್ನೂ ಹುಡುಕಿಸಿ. ಗೆರೆಗಳು ಒತ್ತೊತ್ತಾಗಿ ಅಂಟಿಕೊಂಡ ಕಡೆ ಪೆನ್ಸಿಲ್ ತಾನಾಗಿ ನಿಲ್ಲುತ್ತದೆ, "ಇಲ್ಲಿ ಹತ್ತೋಕೆ ಆಗುತ್ತಾ?" ಅಂತ ಪ್ರಶ್ನೆ ಬರುತ್ತದೆ. ಆಮೇಲೆ ಲೆಕ್ಕ ಹಾಕಿಸಿ. ನೇಸ್ಮಿತ್ ಎಂಬ ಸ್ಕಾಟ್ಲೆಂಡಿನ ಪರ್ವತಾರೋಹಿ 1892ರಲ್ಲಿ ಕೊಟ್ಟ ನಿಯಮದ ಪ್ರಕಾರ, ಐದು ಕಿಲೋಮೀಟರಿಗೆ ಒಂದು ಗಂಟೆ, 600 ಮೀಟರ್ ಏರಿಗೆ ಇನ್ನೊಂದು ಗಂಟೆ. ನಾಲ್ಕು ಕಿಲೋಮೀಟರ್ ನಡೆದು 400 ಮೀಟರ್ ಏರಬೇಕಾದರೆ 48 ನಿಮಿಷಕ್ಕೆ 40 ನಿಮಿಷ ಸೇರಿಸಿ, ಸುಮಾರು ಒಂದೂವರೆ ಗಂಟೆ. ನಮ್ಮ ಬಿಸಿಲು, ದೊಡ್ಡ ಗುಂಪು ಅಂದರೆ ಅದರ ಅರ್ಧದಷ್ಟನ್ನು ಮತ್ತೆ ಸೇರಿಸಿ. ಹೀಗೆ ಲೆಕ್ಕ ಹಾಕಿದವರು ಬೆಟ್ಟದ ಬುಡದಲ್ಲಿ "ಇನ್ನೆಷ್ಟು ದೂರ" ಅಂತ ಕೇಳುವುದಿಲ್ಲ.

ಆರೂಮುಕ್ಕಾಲಿಗೆ ಎಷ್ಟೇ ಜನ ಇರಲಿ, ಶುರು ಮಾಡಿ. ದೀಪ ಬೆಳಗುವುದು, ಗಣ್ಯರ ಸ್ವಾಗತ, ಹೂಗುಚ್ಛ ಬೇಡ. ಎರಡು ನಿಮಿಷ ಬಳಗದ ಪರಿಚಯ. ನಂತರ ಹೋದ ತಿಂಗಳ ಚಾರಣದ ವರದಿ, ಐದೇ ನಿಮಿಷ, ಆ ಚಾರಣಕ್ಕೆ ಮೊದಲ ಸಲ ಬಂದವರ ಬಾಯಲ್ಲೇ. ಎಲ್ಲಿ ನೀರು ಸಾಲದೆ ಹೋಯಿತು, ಎಲ್ಲಿ ದಾರಿ ತಪ್ಪುವುದರಲ್ಲಿತ್ತು, ಯಾರಿಗೆ ಸುಸ್ತಾಯಿತು, ಅದನ್ನು ಮುಚ್ಚಿಡದೆ ಹೇಳಬೇಕು. ಹೆಸರು ಹಿಡಿದು ದೂರುವುದು ಬೇಡ. ಹೀಗೆ ಬಿಚ್ಚಿ ಮಾತಾಡುವ ಬಳಗವನ್ನು ಹೊಸಬರು ನಂಬುತ್ತಾರೆ.

ಆಮೇಲೆ ಮುಖ್ಯ ಮಾತು, 40 ನಿಮಿಷ. ಮುಂದಿನ ಸಾಲಿನಲ್ಲಿ ಒಬ್ಬರು "10", "5" ಅಂತ ಬರೆದ ಹಾಳೆ ಹಿಡಿದು ಕೂರಲಿ. ಪ್ರಶ್ನೆಗೆ 20 ನಿಮಿಷ. ಮೊದಲ ಪ್ರಶ್ನೆ ಹೊಸಬರಿಗೆ ಮೀಸಲು. ಹಳಬರು ಪ್ರಶ್ನೆಯ ಹೆಸರಲ್ಲಿ ತಮ್ಮ ಅನುಭವ ಹೇಳಲು ಶುರು ಮಾಡಿದರೆ ನಡೆಸುವವರು ನಯವಾಗಿ ತಡೆಯಬೇಕು. ಮೈಕ್ ಹಿಡಿಯಲು ಸಂಕೋಚಪಡುವವರಿಗೆ ಚೀಟಿಯಲ್ಲಿ ಬರೆದುಕೊಡಲು ಹೇಳಿ. ಒಳ್ಳೆಯ ಪ್ರಶ್ನೆಗಳು ಬರುವುದು ಆ ಚೀಟಿಗಳಲ್ಲೇ.

7. ಪರದೆಯ ಮೇಲೆ ಏನು ತೋರಿಸಬಾರದು

ಅನುಮತಿ ಇಲ್ಲದೆ ಹೋದ ಚಾರಣದ ಫೋಟೋ ತೋರಿಸಲು ಬಿಡಬೇಡಿ, ಎಷ್ಟೇ ಚೆನ್ನಾಗಿರಲಿ. ನೋಡಿದವರು ಮುಂದಿನ ವಾರ ಅಲ್ಲಿಗೇ ಹೋಗುತ್ತಾರೆ. ರಾತ್ರಿ ಚಾರಣಕ್ಕೆ ಅವಕಾಶವಿಲ್ಲದ ಬೆಟ್ಟದ ಸೂರ್ಯೋದಯದ ಚಿತ್ರಕ್ಕೂ ಇದೇ ಮಾತು. ಹಕ್ಕಿ ಗೂಡಿನ ಜಾಗ ಹೇಳಬಾರದು. ರಾಮನಗರದ ರಾಮದೇವರ ಬೆಟ್ಟವನ್ನು 2012ರಲ್ಲಿ ರಣಹದ್ದುಗಳ ಧಾಮ ಅಂತ ಘೋಷಿಸಿದ್ದು ಅಲ್ಲಿ ಉಳಿದಿದ್ದ ಉದ್ದಕೊಕ್ಕಿನ ರಣಹದ್ದುಗಳಿಗಾಗಿ. ದನಗಳಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಎಂಬ ನೋವಿನ ಔಷಧಿಯಿಂದ ದೇಶದ ರಣಹದ್ದುಗಳು ಹೆಚ್ಚುಕಡಿಮೆ ಬರಿದಾದವು. 2006ರಲ್ಲಿ ಪಶುಗಳಿಗೆ ಅದರ ಬಳಕೆ ನಿಷೇಧವಾಯಿತು. ಅಷ್ಟು ಕಷ್ಟಪಟ್ಟು ಉಳಿದ ಹಕ್ಕಿಯ ಗೂಡಿನ ಕೆಳಗೆ ನಾವು ಡ್ರೋನ್ ಹಿಡಿದು ನಿಲ್ಲಬಾರದು. ಭಾಷಣಕಾರರಿಗೆ ಇದನ್ನು ಫೋನಿನಲ್ಲೇ ತಿಳಿಸಿ, ಅವರು ಬೇಸರ ಮಾಡಿಕೊಳ್ಳುವುದಿಲ್ಲ.

8. ಮುಂದಿನ ಟ್ರೆಕ್ ಘೋಷಣೆ

ಕೊನೆಯ ಹತ್ತು ನಿಮಿಷ ಇದಕ್ಕೆ. ಲೀಡರ್ ತಾವೇ ಎದ್ದು ನಿಂತು ಹೇಳಬೇಕು, ಜನ ಅವರ ಮುಖ ನೋಡಬೇಕು. ಎಷ್ಟು ದೂರ, ಎಷ್ಟು ಏರು, ಬಂಡೆಯೋ ಕಾಡೋ, ದಾರಿಯಲ್ಲಿ ನೀರಿದೆಯೋ ಇಲ್ಲವೋ, ಎಷ್ಟು ಖರ್ಚು, ಎಷ್ಟು ಜನಕ್ಕೆ ಜಾಗ, ಯಾರಿಗೆ ಈ ಟ್ರೆಕ್ ಬೇಡ. ಕೊನೆಯದನ್ನು ಹೇಳಲು ಹಿಂಜರಿಯಬಾರದು. "ಮೊಣಕಾಲು ನೋವಿದ್ದರೆ ಇದು ಬೇಡ, ಮುಂದಿನ ತಿಂಗಳು ಶಿವಗಂಗೆಗೆ ಬನ್ನಿ, ಅಲ್ಲಿ ಮೆಟ್ಟಿಲಿದೆ" ಅಂದರೆ ಯಾರಿಗೂ ಅವಮಾನ ಅನ್ನಿಸುವುದಿಲ್ಲ.

ಅನುಮತಿಯ ವಿಷಯ ಬಿಡಿಸಿ ಹೇಳಿ. 2024ರ ಜನವರಿ ಕೊನೆಯ ರಜೆಯಲ್ಲಿ ಕುಮಾರ ಪರ್ವತದ ಹಾದಿಯಲ್ಲಿ ದೊಡ್ಡ ಜನಜಂಗುಳಿಯೇ ಸೇರಿತ್ತು. ಅದಾದ ಮೇಲೆ ಅರಣ್ಯ ಇಲಾಖೆ ಆನ್‌ಲೈನ್ ಬುಕಿಂಗ್ ಇಲ್ಲದ ಚಾರಣಗಳನ್ನು ತಡೆದು, ಆಮೇಲೆ "ಅರಣ್ಯ ವಿಹಾರ" ಜಾಲತಾಣದಲ್ಲಿ ಬುಕ್ ಮಾಡುವ ಏರ್ಪಾಟು ತಂದಿತು. ಪ್ರೊಜೆಕ್ಟರ್ ಇನ್ನೂ ಉರಿಯುತ್ತಿರುವಾಗಲೇ ಆ ಪುಟ ತೆರೆದು, ಹೆಸರು, ಗುರುತಿನ ಚೀಟಿ, ದಿನ ಎಲ್ಲಿ ತುಂಬಬೇಕು ಅಂತ ಎಲ್ಲರೆದುರು ಮಾಡಿ ತೋರಿಸಿ.

9. ದುಡ್ಡು

ಬಾಡಿಗೆ, ಕಾಫಿ ತಿಂಡಿ, ಭಾಷಣಕಾರರ ಖರ್ಚು, ಮೂರೇ ಬಾಬ್ತು. ಸದಸ್ಯರ ವಾರ್ಷಿಕ ಚಂದಾದಿಂದ ಬಾಡಿಗೆ ತುಂಬಿ, ಉಳಿದದ್ದಕ್ಕೆ ಬಾಗಿಲ ಬಳಿ ಒಂದು ಡಬ್ಬ, ಒಂದು ಕ್ಯೂಆರ್ ಕೋಡ್ ಇಡಿ. ಕೇಳಬೇಡಿ, ಸುಮ್ನೆ ಇಡಿ. ಹೋದ ತಿಂಗಳು ಎಷ್ಟು ಬಂತು, ಎಷ್ಟು ಹೋಯಿತು ಅಂತ ಡಬ್ಬದ ಪಕ್ಕ ಒಂದು ಹಾಳೆ ಅಂಟಿಸಿ. ಬಳಗ ಬೆಳೆದು ಬ್ಯಾಂಕ್ ಖಾತೆ ಬೇಕಾದಾಗ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಾಯಿಸಿಕೊಳ್ಳಬಹುದು, ಅದಕ್ಕೆ ಕನಿಷ್ಠ ಏಳು ಜನ ಬೇಕು. ಟ್ರೆಕ್ ಕಂಪನಿ, ಶೂ ಅಂಗಡಿಯವರು ಪ್ರಾಯೋಜಕರಾಗಲು ಬಂದರೆ ನನ್ನ ಸಲಹೆ ಬೇಡ ಅಂತಲೇ. ಒಂದು ಸಲ ಬ್ಯಾನರ್ ಕಟ್ಟಿದರೆ ಶೂ ಬಗ್ಗೆ ನಿಷ್ಪಕ್ಷಪಾತವಾಗಿ ಮಾತಾಡಲು ಆಗುವುದಿಲ್ಲ.

10. ಮರುದಿನದ ಕೆಲಸ

ಭಾಷಣಕಾರರಿಗೆ ಒಂದು ಫೋನ್. ಯಾವ ಮಾತು ಜನಕ್ಕೆ ಹಿಡಿಸಿತು ಅಂತ ನಿರ್ದಿಷ್ಟವಾಗಿ ಹೇಳಿ. ಕಾಡಿನಿಂದ ಬಂದವರಾದರೆ ಸುಖವಾಗಿ ಊರು ತಲುಪಿದರಾ ಅಂತಲೂ ಕೇಳಿ.

ಮೊದಲ ಸಲ ಬಂದವರ ಹೆಸರು, ನಂಬರು ಒಂದು ಪುಸ್ತಕದಲ್ಲಿ ಇರುತ್ತದಲ್ಲ, ಅದನ್ನು ಹಾಗೇ ವಾಟ್ಸ್‌ಆ್ಯಪ್ ಗುಂಪಿಗೆ ಸುರಿಯಬೇಡಿ. ಒಬ್ಬೊಬ್ಬರಿಗೂ ಬೇರೆಯಾಗಿ ಒಂದು ಸಂದೇಶ ಕಳಿಸಿ, ಗುಂಪಿಗೆ ಸೇರಿಸಬಹುದಾ ಅಂತ ಕೇಳಿ, ಒಪ್ಪಿದರೆ ಮಾತ್ರ ಸೇರಿಸಿ. ಹೆಣ್ಣುಮಕ್ಕಳ ನಂಬರು ನೂರಾರು ಅಪರಿಚಿತರಿಗೆ ಕಾಣುವುದು ಸಣ್ಣ ವಿಷಯವಲ್ಲ.

ಸಂಘಟಕರು ನಾಲ್ಕೈದು ಜನ ಅದೇ ವಾರ ಒಂದು ದರ್ಶಿನಿಯಲ್ಲಿ ಅರ್ಧ ಗಂಟೆ ಕೂತು, ಹೋದ ತಿಂಗಳ ಹೊಸಬರ ಪಟ್ಟಿಯನ್ನು ಈ ತಿಂಗಳು ಬಂದವರ ಪಟ್ಟಿಯ ಪಕ್ಕ ಇಟ್ಟು ನೋಡಿ. ಯಾರು ಬರಲಿಲ್ಲವೋ ಅವರಿಗೆ ಬಾಗಿಲಲ್ಲಿ ಕಾಫಿ ಕೊಟ್ಟವರೇ ಫೋನ್ ಮಾಡಲಿ. ಒಬ್ಬರಿಗೆ ಹೊತ್ತು ಹೊಂದಿರುವುದಿಲ್ಲ, ಇನ್ನೊಬ್ಬರಿಗೆ ಮಾತು ಅರ್ಥವಾಗಿರುವುದಿಲ್ಲ, ಮತ್ತೊಬ್ಬರಿಗೆ ಕತ್ತಲಲ್ಲಿ ಮೆಟ್ರೋ ತನಕ ನಡೆಯಲು ಭಯವಾಗಿರುತ್ತದೆ. ಆ ಕಾರಣಗಳನ್ನು ಬರೆದಿಟ್ಟುಕೊಂಡು, ಮುಂದಿನ ಮೊದಲ ಬುಧವಾರಕ್ಕೆ ಮೊದಲು ಒಂದನ್ನಾದರೂ ಸರಿಮಾಡಿ. ಮೆಟ್ರೋ ಕಡೆ ಹೋಗುವವರೆಲ್ಲ ಎಂಟೂವರೆಗೆ ಬಾಗಿಲ ಬಳಿ ಸೇರಿ ಒಟ್ಟಿಗೆ ಹೊರಡುವ ಏರ್ಪಾಟಿನಿಂದ ಶುರು ಮಾಡಬಹುದು, ಅದಕ್ಕೆ ಒಂದು ಪೈಸೆಯೂ ಖರ್ಚಿಲ್ಲ.